ಎರಡು ಕಂಪನಿ, ಒಂದೇ ರಿಯಾಯಿತಿ

ಪ್ರಶ್ನೆ: ನನ್ನ ತಮ್ಮ ಬ್ರಿಟನ್ನಿನಲ್ಲಿ ಹೋಟೆಲ್ ಕಂಪನಿ, ಕೇಟರಿಂಗ್ ಕಂಪನಿ ಎರಡನ್ನೂ ನಡೆಸುತ್ತಾನೆ. ನೌಕರರ ಸಂಬಳದ ಮೇಲಿನ ರಿಯಾಯಿತಿ ಎರಡಕ್ಕೂ ಸಿಗುತ್ತದೆಯೇ?

ಉತ್ತರ: ಎರಡೂ ಅವರ ಹಿಡಿತದಲ್ಲೇ ಇದ್ದರೆ ಒಂದಕ್ಕೆ ಮಾತ್ರ. ಅಲ್ಲಿ ಮಾಲೀಕರು ಸಂಬಳದ ಮೇಲೆ ನ್ಯಾಷನಲ್ ಇನ್ಶೂರೆನ್ಸ್ ಕಟ್ಟಬೇಕು. 2025ರ ಏಪ್ರಿಲ್‌ನಿಂದ ಅದರ ದರ ಶೇ. 15. ‘ಎಂಪ್ಲಾಯ್‌ಮೆಂಟ್ ಅಲೋವೆನ್ಸ್’ ಈ ಹೊರೆಯಲ್ಲಿ ವರ್ಷಕ್ಕೆ 10,500 ಪೌಂಡ್‌ವರೆಗೆ ಇಳಿಸುತ್ತದೆ. ಈ ನೆರವು ಸಣ್ಣ ಉದ್ಯಮಕ್ಕೆ ನಿಜಕ್ಕೂ ದೊಡ್ಡದು. ಒಬ್ಬರೇ ಹಲವು ಕಂಪನಿ ತೆರೆದು ಅದನ್ನು ಹಲವು ಸಲ ಪಡೆಯಬಾರದೆಂದೇ ಈ ನಿರ್ಬಂಧ, ಇದು ನ್ಯಾಯವೇ.

ಕಂಪನಿಗಳ ನಂಟನ್ನು ತೆರಿಗೆ ವರ್ಷ ಶುರುವಾಗುವ ಏಪ್ರಿಲ್ 6ರಂದು ಇದ್ದ ಸ್ಥಿತಿಯಂತೆ ನೋಡುತ್ತಾರೆ. ಗಂಡನದೊಂದು, ಹೆಂಡತಿಯದೊಂದು ಕಂಪನಿ ಎಂದ ಮಾತ್ರಕ್ಕೆ ನಂಟು ಬರುವುದಿಲ್ಲ. ಹಣ, ಗಿರಾಕಿ, ಆಡಳಿತದಲ್ಲಿ ಅವು ಒಂದನ್ನೊಂದು ಗಣನೀಯವಾಗಿ ಅವಲಂಬಿಸಿದ್ದರೆ ಮಾತ್ರ ಒಟ್ಟಿಗೆ ಎಣಿಸುತ್ತಾರೆ.

ಯಾವ ಕಂಪನಿ ಪಡೆಯಬೇಕೆಂಬ ಆಯ್ಕೆ ಮಾಲೀಕರದು. ಉಳಿದ ಮೊತ್ತವನ್ನು ಇನ್ನೊಂದಕ್ಕೆ ವರ್ಗಾಯಿಸಲಾಗದು. ಆದ್ದರಿಂದ ಹೆಚ್ಚು ಸಂಬಳ ಕೊಡುವ ಕಂಪನಿಯ ಹೆಸರಿನಲ್ಲೇ ಪಡೆಯುವಂತೆ ತಮ್ಮನಿಗೆ ಹೇಳಿ. ಅದಕ್ಕೆ ಮುನ್ನ ಅಲ್ಲಿನ ಅಕೌಂಟೆಂಟರನ್ನು ಕೇಳಿಕೊಳ್ಳಲಿ.