ಹಿತ್ತಲಿನ ದೂಷೀವಿಷ : ಇ-ತ್ಯಾಜ್ಯ, ಹೊಸ ನಿಯಮ ಮತ್ತು ನಮ್ಮ ಹೊಣೆ



ಕೆಲವು ವರ್ಷಗಳ ಹಿಂದೆ ತಾಯಿಯೊಬ್ಬರು ತಮ್ಮ ಏಳು ವರ್ಷದ ಮಗನನ್ನು ನಮ್ಮ ಚಿಕಿತ್ಸಾಲಯಕ್ಕೆ ಕರೆತಂದರು. ಪದೇ ಪದೇ ಹೊಟ್ಟೆನೋವು, ಮಲಬದ್ಧತೆ, ಊಟದಲ್ಲಿ ಅರುಚಿ, ಬಿಳಿಚಿದ ಮುಖ. ಜಂತುಬಾಧೆ ಮತ್ತು ಅಗ್ನಿಮಾಂದ್ಯವೆಂದು ಭಾವಿಸಿ ನಾವು ಆರು ವಾರ ಔಷಧ ಕೊಟ್ಟೆವು, ಗುಣ ಕಾಣಲಿಲ್ಲ. ಕೊನೆಗೆ ತಂದೆಯ ಉದ್ಯೋಗವೇನೆಂದು ಕೇಳಿದೆವು. ಅವರು ಗುಜರಿ ವ್ಯಾಪಾರಿ. ಮನೆಯ ಹಿತ್ತಲಿನಲ್ಲಿಯೇ ಹಳೆಯ ಯುಪಿಎಸ್ ಬ್ಯಾಟರಿಗಳನ್ನು ಒಡೆದು ಸೀಸ ತೆಗೆಯುತ್ತಿದ್ದರು, ವೈರುಗಳನ್ನು ಸುಟ್ಟು ತಾಮ್ರ ಮಾರುತ್ತಿದ್ದರು. ಮಗು ಅದೇ ಮಣ್ಣಿನಲ್ಲಿ ಆಡುತ್ತಿತ್ತು. ದೊಡ್ಡ ಆಸ್ಪತ್ರೆಗೆ ಕಳುಹಿಸಿ ರಕ್ತಪರೀಕ್ಷೆ ಮಾಡಿಸಿದಾಗ ಸೀಸದ ಪ್ರಮಾಣ ಮಿತಿಮೀರಿತ್ತು. ಮೊದಲ ದಿನವೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ನಾವು ಆರು ವಾರ ತಡವಾಗಿ ಕೇಳಿದ್ದೆವು. ಆ ತಪ್ಪಿನ ನೆನಪೇ ಈ ಲೇಖನಕ್ಕೆ ಪ್ರೇರಣೆ.

ಶಾಸ್ತ್ರ ಏನೆನ್ನುತ್ತದೆ?

ದೇಹದಿಂದ ಪೂರ್ತಿ ಹೊರಹೋಗದೆ, ಧಾತುಗಳಲ್ಲಿ ಅಡಗಿ ಕುಳಿತು, ಕಾಲಾಂತರದಲ್ಲಿ ಕೆರಳುವ ಮಂದವಿಷವನ್ನು ಸುಶ್ರುತಾಚಾರ್ಯರು ‘ದೂಷೀವಿಷ’ವೆಂದು ಕರೆದಿದ್ದಾರೆ. ಸೀಸದ ನಡೆಯೂ ಹೀಗೆಯೇ. ಅದು ಮೂಳೆಗಳಲ್ಲಿ ವರ್ಷಗಟ್ಟಲೆ ಉಳಿಯುತ್ತದೆ; ಬೆಳೆಯುವ ಮಕ್ಕಳ ಬುದ್ಧಿಶಕ್ತಿಯನ್ನು ಕುಗ್ಗಿಸುತ್ತದೆ. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ‘ಜನಪದೋಧ್ವಂಸನೀಯ’ವೆಂಬ ಅಧ್ಯಾಯವೇ ಇದೆ. ವಾಯು, ಜಲ, ದೇಶ, ಕಾಲ ಈ ನಾಲ್ಕೂ ಕೆಟ್ಟಾಗ, ಪ್ರಕೃತಿ ಬೇರೆ ಬೇರೆಯಾದ ಜನರೂ ಒಟ್ಟಿಗೆ ರೋಗಕ್ಕೆ ತುತ್ತಾಗುತ್ತಾರೆಂಬುದು ಅದರ ಸಾರ.

ಹಳೆಯ ಪಿಕ್ಚರ್ ಟ್ಯೂಬ್ ಟಿ.ವಿ.ಯ ಗಾಜಿನಲ್ಲಿ ಸೀಸವಿದೆ. ಟ್ಯೂಬ್‌ಲೈಟ್ ಮತ್ತು ಸಿಎಫ್‌ಎಲ್ ದೀಪಗಳಲ್ಲಿ ಪಾದರಸವಿದೆ. ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳಲ್ಲಿ ಮೂತ್ರಪಿಂಡವನ್ನು ಕೆಡಿಸುವ ಕ್ಯಾಡ್ಮಿಯಂ ಇದೆ. ಪಿವಿಸಿ ಹೊದಿಕೆಯ ವೈರು ಸುಟ್ಟರೆ ಡಯಾಕ್ಸಿನ್ ಎಂಬ ಘೋರ ವಿಷ ಗಾಳಿಗೆ ಸೇರುತ್ತದೆ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳ ವರದಿಯಂತೆ 2022ರಲ್ಲಿ ಜಗತ್ತಿನಲ್ಲಿ ಉಂಟಾದ ಇ-ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಯಾದದ್ದು ಶೇ. 22.3 ಮಾತ್ರ.

ಹೊಸ ನಿಯಮಗಳು

ನಮ್ಮ ದೇಶದಲ್ಲಿ ಇ-ತ್ಯಾಜ್ಯ (ನಿರ್ವಹಣೆ) ನಿಯಮಗಳು, 2022 ಎಂಬ ಹೊಸ ಕಟ್ಟಳೆ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹಿಂದಿನ ನಿಯಮಗಳಲ್ಲಿ 21 ಬಗೆಯ ಉಪಕರಣಗಳಷ್ಟೇ ಇದ್ದವು. ಈಗ ಅವು 106ಕ್ಕೆ ಏರಿವೆ. ಬ್ಯಾಟರಿಗಳಿಗೆ 2022ರಲ್ಲಿಯೇ ಪ್ರತ್ಯೇಕ ನಿಯಮಗಳು ಬಂದಿವೆ. ವಸ್ತುವನ್ನು ತಯಾರಿಸಿ ಮಾರಿದವರೇ ಅದರ ಮರುಬಳಕೆಯ ಹೊಣೆಯನ್ನೂ ಹೊರಬೇಕೆಂಬುದು ಇವೆರಡರ ಮೂಲತತ್ತ್ವ. ನೋಂದಾಯಿತ ಮರುಬಳಕೆ ಘಟಕಗಳಿಂದ ಪ್ರಮಾಣಪತ್ರ ಪಡೆದು ಕಂಪನಿಗಳು ತಮ್ಮ ಗುರಿಯನ್ನು ಪೂರೈಸಬೇಕು.

ಆದರೆ ನಮ್ಮ ಮನೆಯ ಕೆಟ್ಟ ಮೊಬೈಲು ಆ ಘಟಕದವರೆಗೆ ತಲುಪುವುದು ಹೇಗೆ? ಇಲ್ಲಿಯೇ ಸ್ಥಳೀಯ ಸಂಸ್ಥೆಗಳ ಪಾತ್ರ ಬರುತ್ತದೆ. ಊರಿನ ಕಸದೊಡನೆ ಬೆರೆತ ಇ-ತ್ಯಾಜ್ಯವನ್ನು ಬೇರ್ಪಡಿಸಿ, ನೋಂದಾಯಿತ ಘಟಕಗಳಿಗೆ ತಲುಪಿಸುವುದು ಅವುಗಳ ಕರ್ತವ್ಯ. ತಯಾರಕರು ಯಾರೆಂದೇ ತಿಳಿಯದ ಅನಾಥ ವಸ್ತುಗಳ ಭಾರವೂ ಅವುಗಳದ್ದೇ. ಸಂಗ್ರಹಣೆಯ ವ್ಯವಸ್ಥೆಗೆ ನೆರವಾಗುವುದು, ಸಿಬ್ಬಂದಿಗೆ ತರಬೇತಿ ಕೊಡಿಸುವುದು ಸಹ ನಿಯಮದಲ್ಲಿದೆ. ಪಂಚಾಯಿತಿಯಾಗಲಿ ಪುರಸಭೆಯಾಗಲಿ ತಾನೇ ಟಿ.ವಿ. ಒಡೆಯಬೇಕಾಗಿಲ್ಲ, ಒಡೆಯಲೂ ಬಾರದು. ಬೇರೆಯಾಗಿ ಪಡೆದು, ಬೇರೆಯಾಗಿ ಇರಿಸಿ, ಯೋಗ್ಯರಿಗೆ ಒಪ್ಪಿಸಬೇಕು.

ಕರ್ನಾಟಕಕ್ಕೆ ಇದು ಹೊಸ ವಿದ್ಯೆಯಲ್ಲ. ದೇಶದ ಮೊದಲ ವೈಜ್ಞಾನಿಕ ಇ-ತ್ಯಾಜ್ಯ ಘಟಕ 2005ರಲ್ಲಿ ಆರಂಭವಾದದ್ದು ನಮ್ಮ ದಾಬಸ್‌ಪೇಟೆಯಲ್ಲಿ. ಆದರೆ ನಾವು ಮನೆಯಲ್ಲಿ ಎಲ್ಲವನ್ನೂ ಒಂದೇ ಬುಟ್ಟಿಗೆ ಸುರಿದರೆ, ಬೆರಕೆಯಾದ ವಿಷವನ್ನು ಪೌರಕಾರ್ಮಿಕರು ಬರಿಗೈಯಿಂದ ಆರಿಸಬೇಕಾಗುತ್ತದೆ.

ಗುಜರಿಯವರನ್ನು ದೂರುವುದೇ?

ಆ ಬಾಲಕನ ತಂದೆ ದುಷ್ಟರಲ್ಲ. ನಾವೆಲ್ಲ ಹಳೆಯ ಸಾಮಾನಿಗೆ ನಾಲ್ಕು ಕಾಸು ಹೆಚ್ಚು ಕೊಡುವವರನ್ನು ಹುಡುಕುತ್ತೇವೆ. ಆ ನಾಲ್ಕು ಕಾಸು ಹುಟ್ಟುವುದು ಅಂಥ ಹಿತ್ತಲುಗಳಲ್ಲಿ. ಇಂಥ ಕಾರ್ಮಿಕರನ್ನು ಗುರುತಿಸಿ, ನೋಂದಾಯಿಸಿ, ಕೌಶಲ ಕಲಿಸಿ, ಅವರ ಆರೋಗ್ಯವನ್ನು ನೋಡಿಕೊಳ್ಳಬೇಕೆಂದೂ ಹೊಸ ನಿಯಮಗಳು ರಾಜ್ಯ ಸರ್ಕಾರಕ್ಕೆ ಹೇಳಿವೆ. ಕಸ ಗುಡಿಸುವುದನ್ನೇ ಕಾಯಕವಾಗಿಸಿಕೊಂಡ ಶರಣೆ ಸತ್ಯಕ್ಕನನ್ನು ಪೂಜ್ಯಳೆಂದು ಕಂಡ ಪರಂಪರೆ ನಮ್ಮದು. ಕಾಯಕ ಜೀವಿಗಳ ಜೀವವನ್ನು ತೆಗೆಯುವಂತಿರಬಾರದು.

ನಾವು ಮಾಡಬೇಕಾದದ್ದು

ಮನೆಯಲ್ಲಿ ಒಂದು ಪೆಟ್ಟಿಗೆಯನ್ನು ಇ-ತ್ಯಾಜ್ಯಕ್ಕೆಂದೇ ಮೀಸಲಿಡಿ. ಮಕ್ಕಳ ಕೈಗೆ ಸಿಗದಿರಲಿ. ಒಲೆಗೆ, ತಿಪ್ಪೆಗೆ, ಕೆರೆಗೆ ಹಾಕದಿರಿ. ಸಿಎಫ್‌ಎಲ್ ಅಥವಾ ಟ್ಯೂಬ್‌ಲೈಟ್ ಒಡೆದರೆ ಮಕ್ಕಳನ್ನು ಹೊರಗೆ ಕಳುಹಿಸಿ, ಕಿಟಕಿ ತೆರೆದು ಹತ್ತು ನಿಮಿಷ ಬಿಡಿ. ಪೊರಕೆಯಿಂದ ಗುಡಿಸದೆ, ದಪ್ಪ ಕಾಗದದಿಂದ ಎತ್ತಿ, ಮುಚ್ಚಳವಿರುವ ಡಬ್ಬಿಯಲ್ಲಿಡಿ. ಕಸದ ಗಾಡಿ ಬಂದಾಗ ಇವನ್ನು ಪ್ರತ್ಯೇಕವಾಗಿಯೇ ಕೊಡಿ. ನಿಮ್ಮೂರಿನಲ್ಲಿ ಆ ವ್ಯವಸ್ಥೆ ಇಲ್ಲದಿದ್ದರೆ ಗ್ರಾಮಸಭೆಯಲ್ಲಿ, ವಾರ್ಡ್ ಸಭೆಯಲ್ಲಿ ಕೇಳಿ. ನಿಯಮವೇ ನಿಮ್ಮ ಬೆನ್ನಿಗಿದೆ.

ಸಾವಿರಕ್ಕೂ ಹೆಚ್ಚು ಉಪಕರಣಗಳನ್ನು ಬಳಸುವ ಸಂಸ್ಥೆಗಳು ತಮ್ಮ ಇ-ತ್ಯಾಜ್ಯವನ್ನು ನೋಂದಾಯಿತರಿಗೇ ಕೊಡಬೇಕೆಂಬ ನಿರ್ಬಂಧವೂ ಇದೆ. ನಮ್ಮ ಮಠಗಳ ಶಾಲಾ ಕಾಲೇಜುಗಳ ಹಳೆಯ ಕಂಪ್ಯೂಟರುಗಳು ಎಲ್ಲಿಗೆ ಹೋಗುತ್ತಿವೆಯೆಂದು ಆಡಳಿತ ಮಂಡಳಿಗಳು ಒಮ್ಮೆ ನೋಡಿಕೊಳ್ಳಲಿ ಎಂಬುದು ನಮ್ಮ ವಿನಂತಿ. ಜಾತ್ರೆಯ ದಿನ ದಾಸೋಹದ ಬಳಿ ಒಂದು ಸಂಗ್ರಹ ಪೆಟ್ಟಿಗೆ ಇಟ್ಟರೂ ಸಾಕು, ದಾರಿ ತೆರೆಯುತ್ತದೆ.

ಸೀಸದ ಸಂಶಯವಿದ್ದಲ್ಲಿ ಮನೆಮದ್ದಿನಲ್ಲಿ ಕಾಲ ಕಳೆಯದೆ ರಕ್ತಪರೀಕ್ಷೆ ಮಾಡಿಸಿ. ಆಯುರ್ವೇದ ವೈದ್ಯರಾಗಿಯೇ ನಾವು ಈ ಮಾತನ್ನು ಹೇಳುತ್ತಿದ್ದೇವೆ. ಆ ಬಾಲಕ ಈಗ ಚೇತರಿಸಿಕೊಂಡು ಶಾಲೆಗೆ ಹೋಗುತ್ತಿದ್ದಾನೆ. ಕಲಿಕೆಯಲ್ಲಿ ಮಾತ್ರ ತುಸು ಹಿಂದೆ ಎಂದು ತಾಯಿ ಹೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ವಿಷ ದೇಹಕ್ಕೆ ಸೇರಿದ ಮೇಲಿನ ಚಿಕಿತ್ಸೆಗಿಂತ, ಅದು ಹಿತ್ತಲಿಗೆ ಸೇರದಂತೆ ತಡೆಯುವುದೇ ಮೇಲು.