ಜಾಲದೊಳಗಣ ದಾಸೋಹ

ದಾಸೋಹದ ಪಂಕ್ತಿಯಲ್ಲಿ ಉಂಡೆದ್ದವರು ಮುಂದಿನ ಪಂಕ್ತಿಗೆ ಬಡಿಸಲು ನಿಲ್ಲುವ ರೂಢಿ ನಮ್ಮ ಮಠಗಳಲ್ಲಿ ಉಂಟು. ಅದರಿಂದ ಉಣ್ಣುವವರು ಹೆಚ್ಚಿದಂತೆಲ್ಲ ಬಡಿಸುವ ಕೈಗಳೂ ಹೆಚ್ಚುತ್ತವೆ. ಈ ತತ್ತ್ವವು ಇಂದು ಗಣಕಯಂತ್ರಗಳ ಲೋಕದಲ್ಲಿಯೂ ಕಾಣಬರುತ್ತಿರುವುದು ವಿಚಾರಯೋಗ್ಯವಾದ ಸಂಗತಿ.

ಅಂತರಜಾಲದ ವಿಡಿಯೋಗಳು ಸಾಮಾನ್ಯವಾಗಿ ಕೇಂದ್ರ ಸರ್ವರುಗಳಿಂದ ಎಲ್ಲರಿಗೂ ಹರಿದು ಬರುತ್ತವೆ. ನೋಡುಗರು ಹೆಚ್ಚಿದಷ್ಟೂ ಅವುಗಳ ಹೊರೆ, ವೆಚ್ಚಗಳೆರಡೂ ಬೆಳೆಯುತ್ತವೆ. ಇದಕ್ಕೆ ಇನ್ನೊಂದು ಮಾರ್ಗವಿದೆ. ವಿಡಿಯೋವನ್ನು ಸಣ್ಣ ತುಣುಕುಗಳಾಗಿ ವಿಭಾಗಿಸುವುದು. ತುಣುಕು ಪಡೆದ ನೋಡುಗನ ಯಂತ್ರವೇ ಅದನ್ನು ಮತ್ತೊಬ್ಬ ನೋಡುಗನಿಗೆ ದಾಟಿಸುವುದು. ಫ್ರಾನ್ಸಿನ ಫ್ರಾಮಾಸಾಫ್ಟ್ ಸಂಸ್ಥೆಯು 2018ರಲ್ಲಿ ಹೊರತಂದ ಪೀರ್‌ಟ್ಯೂಬ್ ಇಂತಹ ವ್ಯವಸ್ಥೆಯನ್ನು ಒಳಗೊಂಡಿದೆ.

ಆದರೆ ಉಂಡು ಕೈತೊಳೆದು ಹೊರಟುಬಿಡುವವರು ಎಲ್ಲೆಡೆಯೂ ಇದ್ದಾರೆ. ನ್ಯುಟೆಲ್ಲಾ ಎಂಬ ಕಡತ ಹಂಚಿಕೆಯ ಜಾಲವನ್ನು 2000ದಲ್ಲಿ ಪರಿಶೀಲಿಸಿದ ಆದಾರ್ ಮತ್ತು ಹ್ಯೂಬರ್‌ಮನ್ ಎಂಬ ಸಂಶೋಧಕರು, ಬಳಕೆದಾರರಲ್ಲಿ ಸುಮಾರು ಶೇಕಡಾ 70ರಷ್ಟು ಜನ ಏನನ್ನೂ ಹಂಚುತ್ತಿರಲಿಲ್ಲವೆಂದು ಕಂಡುಕೊಂಡರು.

2001ರಲ್ಲಿ ಬ್ರಾಮ್ ಕೋಹೆನ್ ರೂಪಿಸಿದ ಬಿಟ್‌ಟೊರೆಂಟ್ ಇದಕ್ಕೊಂದು ನಿಯಮವನ್ನು ತಂದಿತು. ತನಗೆ ಹೆಚ್ಚು ಕೊಡುವವರಿಗೆ ಯಂತ್ರವೂ ಆದ್ಯತೆಯಿಂದ ಕೊಡುತ್ತದೆ. ಸುಮಾರು 10 ಸೆಕೆಂಡುಗಳಿಗೊಮ್ಮೆ ಲೆಕ್ಕ ನೋಡುತ್ತದೆ. ಹಾಗಾದರೆ ಬರಿಗೈಯಲ್ಲಿ ಬಂದ ಹೊಸಬನ ಗತಿಯೇನು? ಅವನಿಗಾಗಿಯೇ ಸುಮಾರು 30 ಸೆಕೆಂಡುಗಳಿಗೊಮ್ಮೆ ಯಾರಾದರೊಬ್ಬರನ್ನು ಆರಿಸಿ, ಪ್ರತಿಫಲ ಕೇಳದೆ ಕೊಡುವ ಏರ್ಪಾಡನ್ನೂ ಮಾಡಲಾಗಿದೆ. ಬರಿಯ ಲೆಕ್ಕಾಚಾರದಿಂದ ಸಮುದಾಯವು ಬೆಳೆಯದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ನೇರ ಪ್ರಸಾರದಲ್ಲಿ ಸಮಸ್ಯೆಯು ಇನ್ನೂ ಸೂಕ್ಷ್ಮವಾದುದು. ತುಣುಕು ತಡವಾಗಿ ಬಂದರೆ ನಿಷ್ಪ್ರಯೋಜಕ. ಅಲ್ಲದೆ ಅನೇಕ ಮನೆಗಳ ಸಂಪರ್ಕದಲ್ಲಿ ಪಡೆಯುವ ವೇಗಕ್ಕಿಂತ ಕಳುಹಿಸುವ ವೇಗ ಕಡಿಮೆ. ಆದುದರಿಂದ ಕೆಲವು ಸಂಶೋಧಕರು ಚಿತ್ರವನ್ನು ಪದರ ಪದರವಾಗಿ ಕಳುಹಿಸುವ ಉಪಾಯವನ್ನು ಸೂಚಿಸಿದ್ದಾರೆ. ಹೆಚ್ಚು ಹಂಚಿದವನಿಗೆ ಹೆಚ್ಚು ಸ್ಪಷ್ಟವಾದ ಚಿತ್ರ ಸಿಗುವುದು; ಕಡಿಮೆ ಹಂಚಿದವನಿಗೆ ಸ್ಪಷ್ಟತೆ ತಗ್ಗಿದರೂ ಚಿತ್ರವು ಪೂರ್ತಿ ನಿಲ್ಲದು.

ಇಲ್ಲಿ ವಿವೇಕವೊಂದು ಅವಶ್ಯ. ಶಕ್ತಿಯಿದ್ದೂ ಕೊಡದವನು ಬೇರೆ, ಶಕ್ತಿಯಿಲ್ಲದೆ ಕೊಡಲಾರದವನು ಬೇರೆ. ಮೊಬೈಲಿನ ಮಿತ ಡೇಟಾದಲ್ಲಿ ನೋಡುವ ಬಡ ವಿದ್ಯಾರ್ಥಿಯನ್ನು ಜಿಪುಣನೆಂದು ದೂಡುವುದು ನ್ಯಾಯವಲ್ಲ. ಮಿತಿಯಿಲ್ಲದ ಸಂಪರ್ಕವುಳ್ಳ ಮನೆಯವರು ಹಂಚಿಕೆಯ ಸೌಲಭ್ಯವನ್ನು ತೆರೆದಿಡಲಿ. ಮಿತ ಸಂಪರ್ಕದವರು ಸಂಕೋಚವಿಲ್ಲದೆ ಅದನ್ನು ಮುಚ್ಚಿಡಲಿ.

ಬಸವಾದಿ ಶರಣರು ದಾಸೋಹವನ್ನು ಕೊಟ್ಟ ಪ್ರಮಾಣದಿಂದ ಅಳೆಯಲಿಲ್ಲ, ಕೊಡುವ ಭಾವದಿಂದ ಅಳೆದರು. ಯಂತ್ರಕ್ಕೆ ಭಾವವಿಲ್ಲ, ಅದನ್ನು ರೂಪಿಸುವ, ಬಳಸುವ ನಮಗಾದರೂ ಇರಬೇಕಲ್ಲವೆ?