ದೀಪಕ್ ವಿಮಾನದ ಮೂತಿ ಉದ್ದವಾಯಿತು!

ಬೈಲಹೊಂಗಲದ ಕಡೆಯಿಂದ ಬೆಳಗಾವಿಗೆ ಹೊರಟವರು ಸಾಂಬ್ರಾ ಸಮೀಪಿಸಿದಾಗ ಒಮ್ಮೆ ತಲೆ ಎತ್ತಿ ನೋಡಿ. ರೆಕ್ಕೆಯಲ್ಲಿ ಫ್ಯಾನು ತಿರುಗಿಸುತ್ತ ಎಟಿಆರ್ ವಿಮಾನ ಇಳಿಯುತ್ತಿದ್ದರೆ, ‘ಇದೇನು ಹಳೇ ಕಾಲದ್ದು’ ಎಂದು ಮೂಗು ಮುರಿಯಬೇಡಿ! ಆ ಫ್ಯಾನಿನ ಹಿಂದೆ ಕುಳಿತಿರುವುದು ಜೆಟ್ ವಿಮಾನದ್ದೇ ತಂತ್ರ. ಹೆಸರು ಟರ್ಬೊಪ್ರಾಪ್. ಹಳೆಯ ಪಿಸ್ಟನ್ ಎಂಜಿನ್ ಬಿಚ್ಚಿ ಇದನ್ನು ಕೂಡಿಸಿದರೆ ಅದೇ ವಿಮಾನದ ಗತ್ತೇ ಬದಲಾಗುತ್ತದೆ. ಆ ಸಾಹಸ ನಮ್ಮ ಕರ್ನಾಟಕದಲ್ಲೇ ನಡೆದಿದೆ, ಅದೂ 1984ರಲ್ಲಿ!

ಹೊಸ ಪೈಲಟ್‌ಗಳ ತರಬೇತಿಗೆಂದು ಬೆಂಗಳೂರಿನ ಎಚ್‌ಎಎಲ್ ರೂಪಿಸಿದ ಎಚ್‌ಪಿಟಿ-32 ‘ದೀಪಕ್’ 1977ರ ಜನವರಿಯಲ್ಲಿ ಮೊದಲು ಹಾರಿತು. ಅದರದು 260 ಅಶ್ವಶಕ್ತಿಯ ಲೈಕಾಮಿಂಗ್ ಪಿಸ್ಟನ್ ಎಂಜಿನ್. ಅದೇ ವಿಮಾನದ ಒಂದು ಮಾದರಿಗೆ ಎಂಜಿನಿಯರುಗಳು 420 ಅಶ್ವಶಕ್ತಿಯ ಆಲಿಸನ್ 250 ಟರ್ಬೊಪ್ರಾಪ್ ಕೂಡಿಸಿದರು. 1984ರ ಜೂನ್ 17ರಂದು ಅದು ಎಚ್‌ಟಿಟಿ-34 ಆಗಿ ಆಕಾಶಕ್ಕೇರಿತು. ಶಕ್ತಿ ಒಂದೂವರೆ ಪಟ್ಟಿಗೂ ಹೆಚ್ಚು, ಎಂಜಿನ್ನಿನ ತೂಕ ಮಾತ್ರ ಸುಮಾರು ಅರ್ಧ! ಮುಂಭಾರ ಇಳಿದರೆ ವಿಮಾನ ತೂಗುವುದೆಲ್ಲಿ? ಹಗುರ ಎಂಜಿನ್ನನ್ನು ಇನ್ನಷ್ಟು ಮುಂದಕ್ಕೆ ಕೂರಿಸಬೇಕು. ದೀಪಕ್‌ನ ಮೂತಿ ಉದ್ದವಾದದ್ದು ಹೀಗೆ.

ಇಷ್ಟು ಚಿಕ್ಕ ಯಂತ್ರಕ್ಕೆ ಅಷ್ಟು ಕಸುವು ಎಲ್ಲಿಂದ? ಮುನವಳ್ಳಿಯ ಸಕ್ಕರೆ ಕಾರ್ಖಾನೆಯಲ್ಲಿ ಹಬೆ ಟರ್ಬೈನ್ ತಿರುಗಿಸಿ ಕರೆಂಟು ಹುಟ್ಟಿಸುವಂತೆ, ಇಲ್ಲಿ ಉರಿಯುವ ಅನಿಲ ಟರ್ಬೈನ್ ತಿರುಗಿಸಿ ಪ್ರೊಪೆಲ್ಲರ್ ಓಡಿಸುತ್ತದೆ. ಪಿಸ್ಟನ್ ಮೇಲೇರಿ, ನಿಂತು, ಮತ್ತೆ ಕೆಳಗಿಳಿಯಬೇಕು. ಟರ್ಬೈನಿಗೆ ಆ ನಿಲುಗಡೆಯೇ ಇಲ್ಲ, ಬರೀ ಸುತ್ತು! ಆಲಿಸನ್‌ನಲ್ಲಿ ಪ್ರೊಪೆಲ್ಲರ್ ಓಡಿಸುವ ಟರ್ಬೈನ್ ನಿಮಿಷಕ್ಕೆ ಸುಮಾರು 33,000 ಸಲ ಸುತ್ತುತ್ತದೆ. ಗೇರುಗಳು ಅದನ್ನು ಪ್ರೊಪೆಲ್ಲರ್ ತಾಳುವ ಸುಮಾರು 2,000 ಸುತ್ತಿಗೆ ಇಳಿಸುತ್ತವೆ. ಪಿಸ್ಟನ್ನಿಗೆ ಬೇಕಾದ, ಸೀಸ ಬೆರೆತ ವಿಮಾನ ಪೆಟ್ರೋಲಿನ ಗೋಜೂ ಇಲ್ಲ. ಜೆಟ್ ಕುಡಿಯುವ ಸೀಮೆಎಣ್ಣೆ ಜಾತಿಯ ಇಂಧನ ಸಾಕು. ಹೌದು, ಎಂಜಿನ್ನಿನ ಬೆಲೆ ದುಬಾರಿ; ಕೆಳಮಟ್ಟದಲ್ಲಿ ಹಾರಿದರೆ ಇಂಧನವೂ ಹೆಚ್ಚು ಬೇಕು.

ಈ ಮಾರ್ಪಾಡನ್ನೇ ಕಸುಬಾಗಿಸಿಕೊಂಡ ಕಂಪನಿಯೂ ಉಂಟು! ಅಮೆರಿಕದ ಆಷ್‌ಕಾಷ್‌ನ ಬಾಸ್ಲರ್. ಅದು ಕೈಹಾಕಿದ್ದು ಡಕೋಟಾ ಎಂದು ನಮಗೆ ಪರಿಚಿತವಾದ ಡಿಸಿ-3 ವಿಮಾನಕ್ಕೆ. ಎರಡನೇ ಮಹಾಯುದ್ಧದ ದಿನಗಳಲ್ಲಿ ಇದೇ ಎಚ್‌ಎಎಲ್ ಶೆಡ್‌ಗಳಲ್ಲಿ ರಿಪೇರಿಯಾಗುತ್ತಿದ್ದ ಜಾತಿ ಅದು. ಎರಡು ಪಿಸ್ಟನ್ ಎಂಜಿನ್ ತೆಗೆದು ಎರಡು ಪಿಟಿ6 ಟರ್ಬೊಪ್ರಾಪ್ ಕೂಡಿಸಿ, ಒಡಲನ್ನು ಸುಮಾರು 1 ಮೀಟರ್ ಉದ್ದ ಮಾಡಿದರು. 1935ರ ವಿನ್ಯಾಸದ ಆ ವಿಮಾನ ಬಿಟಿ-67 ಎಂಬ ಹೊಸ ಹೆಸರು ಹೊತ್ತು ಅಂಟಾರ್ಕ್ಟಿಕಾದ ಹಿಮದ ಮೇಲೂ ಇಳಿಯುತ್ತಿದೆ!

ನಮ್ಮ ಎಚ್‌ಟಿಟಿ-34 ಮಾತ್ರ ಮಾದರಿಯ ಹಂತ ದಾಟಲಿಲ್ಲ. ಪಿಸ್ಟನ್ ದೀಪಕ್‌ಗಳೇ ದುಡಿದವು. ಅಪಘಾತಗಳ ಬಳಿಕ 2009ರಲ್ಲಿ ಹಾರಾಟ ನಿಲ್ಲಿಸಿದವು. ಅವುಗಳ ಜಾಗಕ್ಕೆಂದು ಎಚ್‌ಎಎಲ್ ಹೊಸದಾಗಿ ರೂಪಿಸಿ, 2016ರ ಮೇ 31ರಂದು ಮೊದಲು ಹಾರಿಸಿದ ಎಚ್‌ಟಿಟಿ-40 ಯಾವ ಎಂಜಿನ್ನಿನದು ಗೊತ್ತೇ? ಟರ್ಬೊಪ್ರಾಪ್! 2023ರ ಮಾರ್ಚ್‌ನಲ್ಲಿ ವಾಯುಪಡೆಗೆ ಅಂಥ 70 ವಿಮಾನಗಳ ಒಪ್ಪಂದವಾಯಿತು. 1984ರಲ್ಲಿ ಹಿಡಿದ ದಾರಿ ಸರಿಯಾಗಿಯೇ ಇತ್ತು.

ಕಿತ್ತೂರು, ಸವದತ್ತಿ, ರಾಮದುರ್ಗದ ಐಟಿಐ, ಡಿಪ್ಲೊಮಾ ಮಕ್ಕಳೇ, ಈ ವಿದ್ಯೆ ದೂರದ್ದೆಂದು ಕೈಬಿಡಬೇಡಿ. ವಿಮಾನದ ಬಿಡಿಭಾಗಗಳು ನಮ್ಮದೇ ಜಿಲ್ಲೆಯ ಹತ್ತರಗಿಯಲ್ಲಿ ತಯಾರಾಗುತ್ತಿವೆ. ಒಮ್ಮೆ ಅತ್ತ ಕಣ್ಣು ಹಾಯಿಸಿ.